ಚಿಕ್ಕ ವಿಡಿಯೋ ನೋಡಿ ವೆಬ್‌ಸೈಟ್ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ನಿಮಿಷ, ಐದು ನಿಮಿಷದ ವಿಡಿಯೋ ನೋಡಿಕೊಂಡು ವೆಬ್‌ಸೈಟ್ ಕಟ್ಟೋದನ್ನು ಕಲಿಯುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಮೇಲಿಂದ ಕೆಳಗಿನವರೆಗೆ ಓದಲೇಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

ನನಗೆ ಏನೂ ಗೊತ್ತಿಲ್ಲ. ಬರೀ ಚಿಕ್ಕ ವಿಡಿಯೋ ನೋಡಿ ವೆಬ್‌ಸೈಟ್ ಮಾಡೋಕೆ ಆಗುತ್ತಾ?

ಆಗುತ್ತದೆ. ಆದರೆ ಯಾವ ಸೈಟ್ ಮಾಡಬೇಕು ಅನ್ನೋದು ಮೊದಲು ಗೊತ್ತಿರಲಿ, ವಿಡಿಯೋ ಆಮೇಲೆ. ಮೂರು ಪುಟದ ಸೈಟ್ ಸಾಕು: ನಿಮ್ಮ ಪರಿಚಯ, ನೀವು ಮಾಡುವ ಕೆಲಸ, ಸಂಪರ್ಕ. ಅದನ್ನು ಮಾಡಲು ಶುರು ಮಾಡಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲಿ ಮಾತ್ರ ವಿಡಿಯೋ ಹುಡುಕಿ. ಚಿಕ್ಕ ವಿಡಿಯೋ ಒಂದು ಕೆಲಸವನ್ನು ಹೇಗೆ ಮಾಡೋದು ಅಂತ ಚೆನ್ನಾಗಿ ತೋರಿಸುತ್ತದೆ. ಆ ಕೆಲಸ ನಿಮಗೆ ಬೇಕಾ ಬೇಡವಾ ಅಂತ ಅದು ಹೇಳುವುದಿಲ್ಲ. ಅದನ್ನು ನಿಮ್ಮ ಸೈಟೇ ಹೇಳಬೇಕು.

ಪ್ರಶ್ನೆ ಇಲ್ಲದೆ ಸುಮ್ನೆ ಒಂದಾದ ಮೇಲೊಂದು ನೋಡುತ್ತಾ ಹೋದರೆ ಸಂಜೆ ಹೊತ್ತಿಗೆ ತುಂಬಾ ಕಲಿತ ಹಾಗೆ ಅನಿಸುತ್ತದೆ, ಮರುದಿನ ಒಂದೂ ನೆನಪಿರುವುದಿಲ್ಲ.

ಕೋಡಿಂಗ್ ಕಲಿಯಬೇಕಾ, ವರ್ಡ್‌ಪ್ರೆಸ್ ಸಾಕಾ?

ಸೈಟ್ ಬೇಗ ಬೇಕು ಅಂದರೆ ವರ್ಡ್‌ಪ್ರೆಸ್, ಅಂದರೆ ಕೋಡ್ ಬರೆಯದೆಯೇ ಸೈಟ್ ಕಟ್ಟಲು ಬರುವ ತಂತ್ರಾಂಶ. 2003ರಿಂದ ಇದೆ, ಉಚಿತ, ಏನು ತೊಂದರೆ ಬಂದರೂ ಅದಕ್ಕೊಂದು ವಿಡಿಯೋ ಸಿಗುತ್ತದೆ. ಆದರೂ ಎಚ್‌ಟಿಎಂಎಲ್ (ಪುಟದಲ್ಲಿ ಏನಿದೆ ಅಂತ ಹೇಳುವ ಕೋಡ್), ಸಿಎಸ್‌ಎಸ್ (ಅದು ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಸ್ವಲ್ಪ ಗೊತ್ತಿರಲಿ. ಥೀಮ್‌ನಲ್ಲಿ (ಸೈಟ್‌ನ ಸಿದ್ಧ ವಿನ್ಯಾಸದಲ್ಲಿ) ಒಂದು ಬಣ್ಣ ಬದಲಾಗುತ್ತಿಲ್ಲ, ಬಟನ್ ಪಕ್ಕದ ಜಾಗ ಜಾಸ್ತಿಯಾಗಿದೆ ಅನ್ನುವಂಥ ಸಣ್ಣ ವಿಷಯಕ್ಕೆ ಒಂದು ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ತಂತ್ರಾಂಶ) ಹಾಕುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಎರಡು ಸಾಲು ಸಿಎಸ್‌ಎಸ್ ಬರೆದಿದ್ದರೆ ಮುಗಿಯುತ್ತಿತ್ತು.

ಕೋಡ್ ಕಲಿಯುವುದಾದರೆ ಯಾವ ಕ್ರಮದಲ್ಲಿ ನೋಡಲಿ?

ಮೊದಲು ಎಚ್‌ಟಿಎಂಎಲ್: ಶೀರ್ಷಿಕೆ, ಪ್ಯಾರಾ, ಲಿಂಕ್, ಚಿತ್ರ, ಪಟ್ಟಿ. ಆಮೇಲೆ ಸಿಎಸ್‌ಎಸ್‌ನ ಬಾಕ್ಸ್ ಮಾಡೆಲ್, ಅಂದರೆ ಪುಟದ ಪ್ರತಿ ಭಾಗವೂ ಒಂದು ಪೆಟ್ಟಿಗೆ ಅನ್ನುವ ಲೆಕ್ಕ. ಇದನ್ನು ಹಾರಿಸಿ ನೇರವಾಗಿ ಅನಿಮೇಷನ್ ವಿಡಿಯೋಗೆ ಹೋಗುವವರೇ ಜಾಸ್ತಿ. ಹೋದವರಿಗೆ ಮುಂದೆ ಪ್ರತಿ ಪುಟದಲ್ಲೂ ತೊಂದರೆ. ಒಂದು ಪೆಟ್ಟಿಗೆಗೆ 300 ಪಿಕ್ಸೆಲ್ ಅಗಲ ಕೊಟ್ಟಿದ್ದೀರಿ, ಎರಡೂ ಕಡೆ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಪರದೆ ಮೇಲೆ ಆ ಪೆಟ್ಟಿಗೆ 340 ಪಿಕ್ಸೆಲ್ ಆಗುತ್ತದೆ. ಬಾರ್ಡರ್ ಹಾಕಿದರೆ ಇನ್ನೂ ಅಗಲ. ಪಕ್ಕಪಕ್ಕ ಕೂರಬೇಕಾದ ಮೂರು ಪೆಟ್ಟಿಗೆಗಳಲ್ಲಿ ಮೂರನೆಯದು ಕೆಳಗೆ ಜಾರಿದರೆ ಬಹಳ ಸಲ ಇದೇ ಕಾರಣ. ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಅಂತ ಬದಲಿಸಿದರೆ ಪ್ಯಾಡಿಂಗ್, ಬಾರ್ಡರ್ ಎಲ್ಲಾ ಸೇರಿ 300 ಆಗುತ್ತದೆ.

ಇದಾದ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ, ಕಾಲಂಗಳಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್, ಮೊಬೈಲ್ ಪರದೆಗಾಗಿ ಮೀಡಿಯಾ ಕ್ವೆರಿ. ಕ್ಲಿಕ್ ಮಾಡಿದಾಗ ಪುಟ ಏನು ಮಾಡಬೇಕು ಅನ್ನುವಂಥದ್ದನ್ನು ಹೇಳುವ ಜಾವಾಸ್ಕ್ರಿಪ್ಟ್ ಕೊನೆಗೆ. ಅಷ್ಟರಲ್ಲಿ ನಿಮ್ಮ ಮೂರು ಪುಟ ಆನ್‌ಲೈನ್ ಆಗಿರಲಿ.

ನೋಡುವಾಗ ಎಲ್ಲಾ ಅರ್ಥ ಆಗುತ್ತೆ. ಮಾಡೋಕೆ ಕೂತ್ರೆ ಏನೂ ಬರಲ್ಲ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ವಿಡಿಯೋ ಮಾಡಿದವರು ಮೊದಲೇ ಅಭ್ಯಾಸ ಮಾಡಿರುತ್ತಾರೆ, ತಡವರಿಸಿದ ಜಾಗವನ್ನೆಲ್ಲ ಎಡಿಟಿಂಗ್‌ನಲ್ಲಿ ಕತ್ತರಿಸಿರುತ್ತಾರೆ. ನಿಮಗೆ ಕಾಣುವುದು ಬರೀ ಸರಿ ಹೋದ ಭಾಗ. ಸೆಮಿಕೋಲನ್ ಬಿಟ್ಟುಹೋಗಿ ತಲೆಕೆರೆದುಕೊಂಡಿದ್ದು, ಫೈಲ್ ಹೆಸರು ತಪ್ಪಿ ಚಿತ್ರ ಬರದೇ ಇದ್ದದ್ದು ಯಾವುದೂ ಕಾಣುವುದಿಲ್ಲ. ನೀವು ಮಾಡಲು ಕೂತಾಗ ಎದುರಾಗುವುದು ಮಾತ್ರ ಅವೇ. ಬೇರೆಯವರು ಬರೆಯೋದನ್ನು ಎಷ್ಟು ಹೊತ್ತು ನೋಡಿದರೂ ನಮ್ಮ ಕೈಬರಹ ದುಂಡಗಾಗುವುದಿಲ್ಲ, ಅಲ್ವಾ?

ಹಾಗಾಗಿ ಹೀಗೆ ಮಾಡಿ ನೋಡಿ. ಮೊದಲ ಸಲ ನಿಲ್ಲಿಸದೆ ಪೂರ್ತಿ ನೋಡಿ, ಕೀಬೋರ್ಡ್ ಮುಟ್ಟಬೇಡಿ. ಎರಡನೇ ಸಲ ಒಂದೊಂದು ಹೆಜ್ಜೆಗೂ ನಿಲ್ಲಿಸಿ, ನಿಮ್ಮ ಸೈಟ್‌ನಲ್ಲಿ ಅದೇ ಕೆಲಸ ಮಾಡಿ. ಮೂರನೇ ಸಲ ವಿಡಿಯೋ ಮುಚ್ಚಿ, ಮಾಡಿದ್ದನ್ನು ಅಳಿಸಿ, ನೆನಪಿನಿಂದಲೇ ಮತ್ತೆ ಮಾಡಿ. ಎಲ್ಲಿ ನಿಂತುಹೋಗುತ್ತೀರೋ ನಿಮಗೆ ನಿಜವಾಗಿ ಬಾರದ ಜಾಗ ಅದೇ. ವಿಡಿಯೋ ತೆರೆದು ಅಷ್ಟನ್ನು ಮಾತ್ರ ನೋಡಿಕೊಳ್ಳಿ. ಆಮೇಲೆ ಒಂದು ವಿಷಯ ಬೇಕೆಂದೇ ಬದಲಿಸಿ. ವಿಡಿಯೋದಲ್ಲಿ ಮೆನು ಎಡಕ್ಕಿದ್ದರೆ ನೀವು ಬಲಕ್ಕೆ ತನ್ನಿ, ಅಲ್ಲಿ ಮೂರು ಕಾಲಂ ಇದ್ದರೆ ನೀವು ನಾಲ್ಕು ಮಾಡಿ. ಹೀಗೆ ಬದಲಿಸಲು ಬಂದರೆ ಆ ವಿಡಿಯೋ ಮುಗಿಯಿತು ಅಂತ ಅರ್ಥ.

ಕೋಡ್ ಟೈಪ್ ಮಾಡಲಾ, ಕಾಪಿ ಮಾಡಲಾ?

ಕಲಿಯುವಾಗ ಟೈಪ್ ಮಾಡಿ. ಇಪ್ಪತ್ತು ಮೂವತ್ತು ಸಾಲು ಮೀರಿದರೆ ಕಾಪಿ ಮಾಡಿ, ಪರವಾಗಿಲ್ಲ. ಆದರೆ ಪ್ರತಿ ಸಾಲನ್ನೂ ಒಮ್ಮೆ ತೆಗೆದು, ಪುಟದಲ್ಲಿ ಏನು ಹಾಳಾಗುತ್ತದೆ ಅಂತ ನೋಡಿ. ತೆಗೆದರೂ ಏನೂ ಬದಲಾಗದ ಸಾಲುಗಳು ಎಷ್ಟೊಂದು ಸಿಗುತ್ತವೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಕೆಲವು ಕಡೆಯಿಂದ ಕಾಪಿ ಮಾಡಿದಾಗ ನೇರವಾದ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬರುತ್ತವೆ. ಕಣ್ಣಿಗೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಕೋಡ್ ಮಾತ್ರ ಕೆಲಸ ಮಾಡುವುದಿಲ್ಲ. ಆ ಚಿಹ್ನೆಗಳನ್ನು ಅಳಿಸಿ ನೀವೇ ಮತ್ತೆ ಟೈಪ್ ಮಾಡಿ.

ವಿಡಿಯೋ ತುಂಬಾ ಫಾಸ್ಟ್ ಹೋಗುತ್ತೆ. ಏನ್ ಮಾಡೋದು?

ಯೂಟ್ಯೂಬ್ ಅನ್ನು ಕಂಪ್ಯೂಟರ್‌ನಲ್ಲಿ ನೋಡುತ್ತಿದ್ದರೆ ಮೌಸ್ ಬಿಡಿ, ಕೀಬೋರ್ಡ್ ಹಿಡಿಯಿರಿ. ಕೆ ಒತ್ತಿದರೆ ನಿಲ್ಲುತ್ತದೆ, ಜೆ ಒತ್ತಿದರೆ 10 ಸೆಕೆಂಡ್ ಹಿಂದೆ, ಎಲ್ ಒತ್ತಿದರೆ 10 ಸೆಕೆಂಡ್ ಮುಂದೆ. ಬಾಣದ ಕೀಲಿಗಳಿಂದ 5 ಸೆಕೆಂಡ್. ನಿಲ್ಲಿಸಿದ ಮೇಲೆ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳು ಒಂದೊಂದೇ ಫ್ರೇಮ್ ಹಿಂದೆ ಮುಂದೆ ಮಾಡುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಹೋಗುವ ಸೆಟ್ಟಿಂಗ್ ಪುಟವನ್ನು ಓದೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವೇಗವನ್ನು 0.75ಕ್ಕೆ ಇಳಿಸಬಹುದು. ಮಾತು ಅರ್ಥವಾಗದಿದ್ದರೆ ಸಿ ಒತ್ತಿ, ಕ್ಯಾಪ್ಷನ್ ಬರುತ್ತದೆ.

ಫೋನ್‌ನಲ್ಲೇ ಕಲಿಯಬಹುದಾ?

ನೋಡಬಹುದು. ಮಾಡೋದು ಕಷ್ಟ. ವಿಡಿಯೋ ಫೋನ್‌ನಲ್ಲಿ, ಕೆಲಸ ಕಂಪ್ಯೂಟರ್‌ನಲ್ಲಿ ಇದ್ದರೆ ತುಂಬಾ ಅನುಕೂಲ, ಕಿಟಕಿ ಬದಲಿಸುತ್ತಾ ಕೂರುವ ರಗಳೆ ಇರುವುದಿಲ್ಲ.

ಅವರು ತೋರಿಸಿದ ಬಟನ್ ನನ್ನ ಸ್ಕ್ರೀನ್‌ನಲ್ಲಿ ಇಲ್ಲವೇ ಇಲ್ಲ!

ವಿಡಿಯೋ ಹಳೆಯದು. ಹೆಚ್ಚಾಗಿ ಅಷ್ಟೇ ವಿಷಯ. ವರ್ಡ್‌ಪ್ರೆಸ್‌ನ ಬರೆಯುವ ಪರದೆ 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಲ್ಲಿ ಪೂರ್ತಿ ಬದಲಾಗಿ ಬ್ಲಾಕ್ ಎಡಿಟರ್ ಆಯಿತು, ಅಂದರೆ ಪ್ಯಾರಾ, ಚಿತ್ರ ಎಲ್ಲವನ್ನೂ ಬೇರೆ ಬೇರೆ ತುಂಡುಗಳಾಗಿ ಜೋಡಿಸೋದು. 2022ರ ಜನವರಿಯ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಲ್ಲಿ ಹೆಡರ್, ಫೂಟರ್ (ಪುಟದ ಮೇಲಿನ, ಕೆಳಗಿನ ಪಟ್ಟಿ) ಕೂಡ ಬ್ಲಾಕ್‌ಗಳಿಂದಲೇ ಮಾಡುವಂತಾಯಿತು. ಅಂಥ ಥೀಮ್ ಹಾಕಿದ್ದರೆ ಅಪಿಯರೆನ್ಸ್ ಮೆನುವಿನಲ್ಲಿ ಸಾಮಾನ್ಯವಾಗಿ ಕಸ್ಟಮೈಸ್ ಅನ್ನೋದೇ ಇರುವುದಿಲ್ಲ, ಆ ಜಾಗದಲ್ಲಿ ಎಡಿಟರ್ ಇರುತ್ತದೆ. ವಿಡಿಯೋದವರು ಕಸ್ಟಮೈಸ್ ಒತ್ತಿ ಅಂತ ಹೇಳುತ್ತಲೇ ಇರುತ್ತಾರೆ, ನೀವು ಹುಡುಕುತ್ತಲೇ ಇರುತ್ತೀರಿ.

ಅದಕ್ಕೇ ಹುಡುಕುವಾಗ ನಿಮ್ಮ ಥೀಮ್‌ನ ಹೆಸರು ಮತ್ತು ಈ ವರ್ಷವನ್ನು ಸೇರಿಸಿ. ವಿಡಿಯೋ ತೆರೆದ ಕೂಡಲೇ ಅಪ್‌ಲೋಡ್ ಆದ ದಿನಾಂಕ ನೋಡಿ. ಶೀರ್ಷಿಕೆಯಲ್ಲಿರುವ ವರ್ಷವನ್ನು ನಂಬಬೇಡಿ, ಹಳೇ ವಿಡಿಯೋಗೆ ಹೊಸ ವರ್ಷ ಅಂಟಿಸುವವರು ಬೇಕಾದಷ್ಟಿದ್ದಾರೆ.

ದಿನಾಂಕ ಬಿಟ್ಟು ಬೇರೆ ಯಾವುದರಿಂದ ಹಳೇ ವಿಡಿಯೋ ಅಂತ ಗೊತ್ತಾಗುತ್ತೆ?

ಇಡೀ ಪುಟದ ಕಾಲಂಗಳನ್ನು ಫ್ಲೋಟ್ (ಒಂದು ಭಾಗವನ್ನು ಎಡಕ್ಕೋ ಬಲಕ್ಕೋ ಸರಿಸುವ ಸಿಎಸ್‌ಎಸ್ ವಿಧಾನ) ಬಳಸಿ ಮಾಡುತ್ತಿದ್ದರೆ ಹಳೆಯದು. ಸಿಎಸ್‌ಎಸ್ ಗ್ರಿಡ್ 2017ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ. ಚಿತ್ರದ ಪಕ್ಕ ಅಕ್ಷರ ಹರಿಯಬೇಕು ಅಂದರೆ ಫ್ಲೋಟ್ ಈಗಲೂ ಸರಿಯೇ, ಅದು ಬೇರೆ ಮಾತು. ಟೇಬಲ್ ಹಾಕಿ ಪುಟ ಜೋಡಿಸುತ್ತಿದ್ದರೆ ತುಂಬಾ ಹಳೆಯದು. ಹಳೇ ಅನಿಮೇಷನ್ ತಂತ್ರಾಂಶವಾದ ಫ್ಲ್ಯಾಶ್ ಅಂದರೆ ಮುಚ್ಚಿಬಿಡಿ, 2020ರ ಕೊನೆಗೆ ಅಡೋಬಿಯೇ ಅದನ್ನು ನಿಲ್ಲಿಸಿತು. ಗೂಗಲ್‌ನಲ್ಲಿ ಮೇಲೆ ಬರಲು ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನೊಳಗೆ ಇಡುವ ಪದಪಟ್ಟಿ) ತುಂಬಿಸಿ ಅಂದರೂ ಅಷ್ಟೇ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ವಿಡಿಯೋದಲ್ಲಿದ್ದ ಹಾಗೇ ಸಿಎಸ್‌ಎಸ್ ಬರೆದೆ. ಪುಟದಲ್ಲಿ ಏನೂ ಬದಲಾಗಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಅರ್ಧ ಜನ ಕಲಿಯೋದನ್ನು ಬಿಡುವುದು ಇಲ್ಲೇ.

ಮೊದಲು ಫೈಲ್ ಸೇವ್ ಆಗಿದೆಯಾ ನೋಡಿ. ನಗಬೇಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಬ್ರೌಸರ್ ತನ್ನ ಹತ್ತಿರ ಇಟ್ಟುಕೊಂಡಿದ್ದ ಹಳೇ ಫೈಲ್ ಬಿಟ್ಟು ಹೊಸದನ್ನು ತರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕ್ಯಾಶ್ ಪ್ಲಗಿನ್ (ಪುಟದ ಸಿದ್ಧ ಪ್ರತಿ ಇಟ್ಟುಕೊಳ್ಳುವ ಪ್ಲಗಿನ್) ಇದ್ದರೆ ಅದನ್ನೂ ಖಾಲಿ ಮಾಡಿ.

ಇನ್ನೂ ಆಗಲಿಲ್ವಾ? ಬದಲಾಗಬೇಕಾದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಆರಿಸಿ. ಸ್ಟೈಲ್ಸ್ ಅನ್ನುವ ಭಾಗದಲ್ಲಿ ನೀವು ಬರೆದ ಸಾಲನ್ನು ಹುಡುಕಿ. ಮೂರರಲ್ಲಿ ಒಂದು ಕಾಣಿಸುತ್ತದೆ. ಸಾಲು ಇದೆ ಆದರೆ ಮೇಲೆ ಗೆರೆ ಎಳೆದಿದೆ ಅಂದರೆ ಬೇರೆ ಯಾವುದೋ ನಿಯಮ ಅದನ್ನು ಮೀರಿಸಿದೆ. ಆ ನಿಯಮ ಹೆಚ್ಚಾಗಿ ಅದೇ ಪಟ್ಟಿಯಲ್ಲಿ ಮೇಲೆ ಇರುತ್ತದೆ, ಅದರ ಸೆಲೆಕ್ಟರ್ (ನಿಯಮ ಪುಟದ ಯಾವ ಭಾಗಕ್ಕೆ ಅಂತ ಹೇಳುವ ಹೆಸರು) ನೋಡಿ. ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ ಸ್ಪೆಲಿಂಗ್ ತಪ್ಪಿದೆ, ಅಥವಾ ಕೊಟ್ಟ ವ್ಯಾಲ್ಯೂ (ಸಂಖ್ಯೆ, ಬಣ್ಣದಂಥದ್ದು) ಬ್ರೌಸರ್‌ಗೆ ಅರ್ಥವಾಗಿಲ್ಲ. ಸಾಲು ಇಲ್ಲವೇ ಇಲ್ಲ ಅಂದರೆ ಸೆಲೆಕ್ಟರ್ ಹೊಂದುತ್ತಿಲ್ಲ, ಇಲ್ಲವೇ ಫೈಲ್ ಬಂದೇ ಇಲ್ಲ. ಇನ್‌ಸ್ಪೆಕ್ಟ್‌ನಲ್ಲೇ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರಿಫ್ರೆಶ್ ಮಾಡಿ, ಸಿಎಸ್‌ಎಸ್ ಫೈಲ್ ಮುಂದೆ ಕೆಂಪಗೆ 404 (ಫೈಲ್ ಸಿಗಲಿಲ್ಲ) ಅಂತ ಇದ್ದರೆ ಫೈಲ್‌ನ ದಾರಿ (ಯಾವ ಫೋಲ್ಡರ್‌ನಲ್ಲಿದೆ ಅನ್ನೋದು) ಅಥವಾ ಹೆಸರು ತಪ್ಪು.

ಈ ಇನ್‌ಸ್ಪೆಕ್ಟ್ ಒಂದನ್ನು ಚೆನ್ನಾಗಿ ಕಲಿತರೆ ಮುಂದೆ ಹತ್ತಾರು ವಿಡಿಯೋ ನೋಡೋದು ಉಳಿಯುತ್ತದೆ. ಅಲ್ಲೇ ವ್ಯಾಲ್ಯೂ ಬದಲಿಸಿ ಪರಿಣಾಮ ನೋಡಬಹುದು, ರಿಫ್ರೆಶ್ ಮಾಡಿದರೆ ಎಲ್ಲಾ ಮೊದಲಿನ ಹಾಗೆ. ಎಷ್ಟು ಬೇಕಾದರೂ ಕೆಡಿಸಿ, ಸೈಟ್‌ಗೆ ಏನೂ ಆಗುವುದಿಲ್ಲ.

ನನ್ನ ಕಂಪ್ಯೂಟರ್‌ನಲ್ಲಿ ಸರಿ ಇತ್ತು, ಅಪ್‌ಲೋಡ್ ಮಾಡಿದ ಮೇಲೆ ಚಿತ್ರಗಳು ಬರುತ್ತಿಲ್ಲ.

ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ವಿಂಡೋಸ್‌ಗೆ ಎರಡೂ ಒಂದೇ. ಸರ್ವರ್ (ಸೈಟ್ ಇರುವ ಕಂಪ್ಯೂಟರ್) ಲಿನಕ್ಸ್ ಆಗಿದ್ದರೆ ಅದಕ್ಕೆ ಎರಡೂ ಬೇರೆ ಬೇರೆ ಫೈಲ್. ಹೆಸರೆಲ್ಲ ಚಿಕ್ಕಕ್ಷರದಲ್ಲೇ ಇಡಿ, ನಡುವೆ ಖಾಲಿ ಜಾಗ ಬೇಡ, ಅಡ್ಡಗೆರೆ (ಹೈಫನ್) ಹಾಕಿ. ಇನ್ನೊಂದು ಸಾಮಾನ್ಯ ಕಾರಣ, ಚಿತ್ರದ ದಾರಿ ನಿಮ್ಮ ಕಂಪ್ಯೂಟರ್‌ನ ಸಿ ಡ್ರೈವ್‌ನಿಂದ ಶುರುವಾಗಿರುತ್ತದೆ. ಪ್ರಪಂಚದ ಬೇರೆ ಯಾರ ಬಳಿಯೂ ನಿಮ್ಮ ಸಿ ಡ್ರೈವ್ ಇಲ್ಲ.

ಮೊಬೈಲ್‌ನಲ್ಲಿ ಇಡೀ ಪುಟ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತೆ.

ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪರದೆಯ ಅಗಲಕ್ಕೆ ಹೊಂದಿಕೋ ಅಂತ ಹೇಳುವ ಸಾಲು) ಹಾಕಿಲ್ಲ. ಅದಿಲ್ಲದಿದ್ದರೆ ಫೋನ್ ಬ್ರೌಸರ್ ಇದು ಕಂಪ್ಯೂಟರ್‌ಗೆ ಮಾಡಿದ ಪುಟ ಅಂದುಕೊಂಡು, ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಜೋಡಿಸಿ, ಆಮೇಲೆ ಎಲ್ಲವನ್ನೂ ಪರದೆಗೆ ಕುಗ್ಗಿಸುತ್ತದೆ. ಒಂದೇ ಸಾಲಿನ ಕೆಲಸ. ಮೀಡಿಯಾ ಕ್ವೆರಿ ಬಗ್ಗೆ ಎಷ್ಟೋ ವಿಡಿಯೋಗಳಲ್ಲಿ ಈ ಸಾಲು ಮೊದಲೇ ಇರುತ್ತದೆ, ಆದ್ದರಿಂದ ಅದರ ಬಗ್ಗೆ ಮಾತೇ ಬರುವುದಿಲ್ಲ.

ಸೈಟ್ ನಿಧಾನ. ಸ್ಪೀಡ್ ಪ್ಲಗಿನ್ ಹಾಕಿ ಅಂತ ಎಲ್ಲಾ ವಿಡಿಯೋದಲ್ಲೂ ಹೇಳುತ್ತಾರೆ. ಹಾಕಲಾ?

ಮೊದಲು ಫೋಟೋಗಳನ್ನು ನೋಡಿ. ಫೋನ್‌ನಲ್ಲಿ ತೆಗೆದ ಫೋಟೋ 4000 ಪಿಕ್ಸೆಲ್ ಅಗಲ ಇರುತ್ತದೆ, ಪುಟದಲ್ಲಿ ಅದು ಕಾಣುವುದು 400 ಪಿಕ್ಸೆಲ್ ಜಾಗದಲ್ಲಿ. ನೋಡುವವರು ಆ ದೊಡ್ಡ ಫೈಲನ್ನೇ ಇಳಿಸಿಕೊಳ್ಳಬೇಕಾಗಬಹುದು. ಅಪ್‌ಲೋಡ್‌ಗೆ ಮುಂಚೆ ಅಳತೆ ಇಳಿಸಿ, ಫೈಲ್ ಚಿಕ್ಕದಾಗಿಸುವ ವೆಬ್‌ಪಿ ರೂಪಕ್ಕೆ ಬದಲಿಸಿ. ಚಿತ್ರಕ್ಕೆ ಅಗಲ, ಎತ್ತರ ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಚಿತ್ರ ಬಂದಾಗ ಓದುತ್ತಿದ್ದ ಸಾಲು ಧಡಕ್ಕನೆ ಕೆಳಗೆ ಹೋಗುತ್ತದೆ. ಮತ್ತೆ, ಎಲ್ಲಾ ಚಿತ್ರಗಳಿಗೂ ಲೇಜಿ ಲೋಡಿಂಗ್ (ಪರದೆಗೆ ಹತ್ತಿರ ಬಂದಾಗ ಮಾತ್ರ ಚಿತ್ರ ತರೋದು) ಹಾಕಿ ಅನ್ನುವ ಸಲಹೆ ಪೂರ್ತಿ ಸರಿಯಲ್ಲ. ಪುಟದ ಮೇಲ್ಭಾಗದಲ್ಲಿ ಮೊದಲು ಕಾಣುವ ದೊಡ್ಡ ಚಿತ್ರಕ್ಕೆ ಅದನ್ನು ಹಾಕಿದರೆ ಪುಟ ಇನ್ನೂ ತಡ.

ಅಳೆಯೋಕೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ, ಉಚಿತ. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡ್ ಒಳಗೆ ಕಂಡರೆ ಚೆನ್ನಾಗಿದೆ ಅಂತ ಗೂಗಲ್ ಲೆಕ್ಕ. 100ಕ್ಕೆ 100 ಅಂಕ ತೋರಿಸುವ ವಿಡಿಯೋಗಳ ಹಿಂದೆ ಬೀಳಬೇಡಿ. ಅವರು ತೋರಿಸುವ ಪುಟದಲ್ಲಿ ಹೆಚ್ಚಾಗಿ ಒಂದು ಶೀರ್ಷಿಕೆ, ಒಂದು ಬಟನ್ ಬಿಟ್ಟರೆ ಏನೂ ಇರುವುದಿಲ್ಲ.

ಡಿಸೈನ್ ಟಿಪ್ಸ್ ವಿಡಿಯೋಗಳು ಚೆನ್ನಾಗಿರುತ್ತವಾ?

ನೋಡೋಕೆ ಚೆನ್ನಾಗಿರುತ್ತವೆ! ತಿಳಿ ಬೂದು ಹಿನ್ನೆಲೆ, ಅದರ ಮೇಲೆ ಇನ್ನೂ ಸ್ವಲ್ಪ ಬೂದು ಅಕ್ಷರ. ಓದೋಕೆ ಆಗುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ), ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು ಅಂತ, ಸೈಟ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ವೆಬ್ ಮಾರ್ಗಸೂಚಿಯಲ್ಲಿದೆ. ಕ್ರೋಮ್‌ನ ಇನ್‌ಸ್ಪೆಕ್ಟ್‌ನಲ್ಲಿ ಅಕ್ಷರದ ಬಣ್ಣದ ಚೌಕ ಒತ್ತಿದರೆ ಈ ಸಂಖ್ಯೆ ಅಲ್ಲೇ ಸಿಗುತ್ತದೆ.

ಕನ್ನಡದಲ್ಲಿ ಸೈಟ್ ಮಾಡುತ್ತಿದ್ದೇನೆ. ಇಂಗ್ಲಿಷ್ ಸೈಟ್‌ಗೆ ಹೇಳಿದ ಟಿಪ್ಸ್ ನಡೆಯುತ್ತಾ?

ಬಹುತೇಕ ನಡೆಯುತ್ತವೆ. ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ಕ್ರಮ) ಯುಟಿಎಫ್-8 ಇರಲಿ, ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ಹೇಳಿ. ಸಾಲುಗಳ ನಡುವಿನ ಜಾಗವನ್ನು ಮಾತ್ರ ವಿಡಿಯೋದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್-ಸ್ಪೇಸಿಂಗ್ ಟ್ರಿಕ್ ನಮಗೆ ಒಗ್ಗುವುದಿಲ್ಲ.

ಬ್ರೌಸರ್‌ನಲ್ಲಿ ನನ್ನ ಸೈಟ್ "ಸುರಕ್ಷಿತವಲ್ಲ" ಅಂತ ಬರುತ್ತಿದೆ.

ಎಚ್‌ಟಿಟಿಪಿಎಸ್ (ಮಾಹಿತಿ ಗುಪ್ತವಾಗಿ ಹೋಗುವ ವ್ಯವಸ್ಥೆ) ಇಲ್ಲ. 2018ರ ಜುಲೈಯಿಂದ ಕ್ರೋಮ್ ಅಂಥ ಎಲ್ಲಾ ಸೈಟ್‌ಗಳಿಗೂ ಹೀಗೆ ತೋರಿಸುತ್ತದೆ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತ, ಬಹಳಷ್ಟು ಹೋಸ್ಟಿಂಗ್‌ಗಳಲ್ಲಿ (ಸೈಟ್ ಇಡಲು ಜಾಗ ಕೊಡುವ ಸೇವೆಗಳಲ್ಲಿ) ಒಂದು ಬಟನ್ ಒತ್ತಿದರೆ ಸಾಕು. ಹಾಕಿದ ಮೇಲೂ ಎಚ್ಚರಿಕೆ ಬಂದರೆ ಪುಟದೊಳಗಿನ ಯಾವುದೋ ಚಿತ್ರ ಇನ್ನೂ ಹಳೇ ಎಚ್‌ಟಿಟಿಪಿ ವಿಳಾಸದಿಂದ ಬರುತ್ತಿರಬಹುದು.

ಡೊಮೈನ್ (ಸೈಟ್‌ನ ವಿಳಾಸ) ಹೊಸ ಹೋಸ್ಟಿಂಗ್‌ಗೆ ತಿರುಗಿಸಿದೆ. ವಿಡಿಯೋದಲ್ಲಿ ತಕ್ಷಣ ಬಂತು, ನನ್ನದು ಬರುತ್ತಿಲ್ಲ.

ವಿಡಿಯೋದಲ್ಲಿ ಕಾದ ಸಮಯವನ್ನು ಕತ್ತರಿಸಿದ್ದಾರೆ. ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ದಾಖಲೆಗೆ ಟಿಟಿಎಲ್ ಅಂತ ಒಂದು ಅವಧಿ ಇರುತ್ತದೆ. 3600 ಸೆಕೆಂಡ್ ಅಂದರೆ ಹಳೇ ಉತ್ತರವನ್ನು ಒಂದು ಗಂಟೆ ಇಟ್ಟುಕೊಳ್ಳಬಹುದು ಅಂತ. ನೇಮ್‌ಸರ್ವರ್ (ಆ ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ವರ್) ಬದಲಿಸಿದ್ದರೆ ಒಂದೆರಡು ದಿನ ಹಿಡಿಯಬಹುದು. ಆ ನಡುವೆ ಪದೇ ಪದೇ ಸೆಟ್ಟಿಂಗ್ ಬದಲಿಸುತ್ತಾ ಹೋಗಬೇಡಿ, ಯಾವುದು ಸರಿ ಹೋಯಿತು ಅಂತ ನಿಮಗೇ ಗೊತ್ತಾಗದು.

ಥೀಮ್‌ನ ಫಂಕ್ಷನ್ಸ್ ಫೈಲ್‌ಗೆ (functions.php) ಈ ಕೋಡ್ ಅಂಟಿಸಿ ಅಂದರು. ಅಂಟಿಸಿದೆ, ಸೈಟೇ ಹೋಯಿತು.

ಹೋಗಿಲ್ಲ, ಇದೆ. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಥೀಮ್ ಫೋಲ್ಡರ್‌ನಲ್ಲಿ ಆ ಫೈಲ್ ಹುಡುಕಿ, ಅಂಟಿಸಿದ ಸಾಲುಗಳನ್ನು ಅಳಿಸಿ ಸೇವ್ ಮಾಡಿ. ಸೈಟ್ ಬರುತ್ತದೆ. ವರ್ಡ್‌ಪ್ರೆಸ್ 5.2ರಿಂದ ಈಚೆಗೆ ಇಂಥ ಹೊತ್ತಿನಲ್ಲಿ ಅಡ್ಮಿನ್ ಇಮೇಲ್‌ಗೆ ರಿಕವರಿ ಲಿಂಕ್ ಕೂಡ ಬರುತ್ತದೆ, ಇನ್‌ಬಾಕ್ಸ್ ನೋಡಿ.

ಮುಂದೆ ಚೈಲ್ಡ್ ಥೀಮ್ (ಮೂಲ ಥೀಮ್ ಮೇಲೆ ನಿಲ್ಲುವ ನಿಮ್ಮದೇ ಪುಟ್ಟ ಥೀಮ್) ಮಾಡಿಕೊಂಡು ಅಲ್ಲೇ ಅಂಟಿಸಿ. ಮೂಲ ಥೀಮ್‌ನಲ್ಲಿ ಬರೆದದ್ದು ಅಪ್‌ಡೇಟ್ ಆದ ದಿನ ಅಳಿಸಿಹೋಗುತ್ತದೆ. ಮತ್ತು ಬ್ಯಾಕಪ್. ಬ್ಯಾಕಪ್ ತೆಗೆಯೋದನ್ನು ಅಷ್ಟೇ ಅಲ್ಲ, ಅದರಿಂದ ಸೈಟ್ ವಾಪಸ್ ತರೋದನ್ನೂ ಒಮ್ಮೆ ಮಾಡಿ ನೋಡಿ.

ವಿವರಣೆಯಲ್ಲಿರುವ ಲಿಂಕ್‌ನಿಂದ ಪ್ರೀಮಿಯಂ ಥೀಮ್ ಫ್ರೀ ಸಿಗುತ್ತೆ ಅಂತಾರೆ.

ಬೇಡ. ಕದ್ದು ಹಂಚುವ ಥೀಮ್‌ನೊಳಗೆ ಬೇರೆಯವರ ಕೋಡ್ ಸೇರಿಸಿರುತ್ತಾರೆ. ನಿಮ್ಮ ಸೈಟ್‌ನಲ್ಲಿ ನೀವು ಹಾಕದ ಜಾಹೀರಾತು ಬರುತ್ತದೆ, ಸ್ಪ್ಯಾಮ್ ಲಿಂಕ್‌ಗಳು ಹುಟ್ಟುತ್ತವೆ, ಅಪ್‌ಡೇಟ್ ಅಂತೂ ಬರುವುದೇ ಇಲ್ಲ. ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲೇ ಉಚಿತ ಥೀಮ್‌ಗಳು ಸಾವಿರಾರು ಇವೆ.

ಹೋಸ್ಟಿಂಗ್ ಶಿಫಾರಸಿನ ಬಗ್ಗೆಯೂ ಒಂದು ಮಾತು. ಆ ಲಿಂಕ್‌ನಿಂದ ನೀವು ಕೊಂಡರೆ ವಿಡಿಯೋದವರಿಗೆ ಕಮಿಷನ್ ಸಿಗುವುದು ಸಾಮಾನ್ಯ. ತಪ್ಪೇನಲ್ಲ, ಅವರ ಹೊಟ್ಟೆಪಾಡೂ ನಡೆಯಬೇಕು. ಆದರೆ ಮೊದಲ ವರ್ಷದ ಬೆಲೆ ಬಿಟ್ಟು ನವೀಕರಣದ ಬೆಲೆ ಎಷ್ಟು ಅಂತ ನೀವೇ ನೋಡಿಕೊಳ್ಳಿ. ಅದನ್ನು ವಿಡಿಯೋದಲ್ಲಿ ಹೇಳೋದು ಕಡಿಮೆ.

ಒಂದೇ ಟ್ರಿಕ್‌ನಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ?

ಇಲ್ಲ.

ಎಐ ಹತ್ತಿರ ಕೇಳಿದರೆ ಕೋಡ್ ಬರೆದುಕೊಡುತ್ತೆ. ವಿಡಿಯೋ ಇನ್ನೂ ಯಾಕೆ ಬೇಕು?

ಬರೆದುಕೊಡುತ್ತದೆ, ಬಳಸಿ. ಆದರೆ ಎಲ್ಲಿ ಕ್ಲಿಕ್ ಮಾಡಬೇಕು, ಪರದೆ ಹೇಗೆ ಕಾಣಬೇಕು ಅನ್ನೋದಕ್ಕೆ ವಿಡಿಯೋನೇ ಸುಲಭ. ಎಐ ಕೊಟ್ಟ ಕೋಡ್‌ಗೂ ಮೇಲಿನ ನಿಯಮವೇ: ಒಂದೊಂದು ಸಾಲು ತೆಗೆದು ನೋಡಿ.

ಯಾವಾಗ ವಿಡಿಯೋ ಬಿಟ್ಟು ಓದೋಕೆ ಹೋಗಬೇಕು?

ಕೋಡ್‌ನ ಒಂದೇ ಒಂದು ವ್ಯಾಲ್ಯೂನೋ ಹೆಸರೋ ಬೇಕಾಗಿ ನಾಲ್ಕು ನಿಮಿಷದ ವಿಡಿಯೋ ತಿರುವುತ್ತಿದ್ದೀರಿ ಅಂದಾಗ. ಆಗ ಎಂಡಿಎನ್ ಅನ್ನುವ ಮಾಹಿತಿ ತಾಣ ತೆರೆಯಿರಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರಕ್ಕೂ ಅಲ್ಲಿ ವಿವರ ಇದೆ, ಯಾವ ಬ್ರೌಸರ್‌ನಲ್ಲಿ ಯಾವುದು ನಡೆಯುತ್ತದೆ ಅನ್ನುವ ಪಟ್ಟಿಯೂ ಪುಟದ ಕೆಳಗೇ ಇರುತ್ತದೆ. ಮೊದಮೊದಲು ಒಣಒಣ ಅನಿಸುತ್ತದೆ. ಬಾಕ್ಸ್ ಮಾಡೆಲ್, ಫ್ಲೆಕ್ಸ್‌ಬಾಕ್ಸ್ ಕೈಗೆ ಹತ್ತಿದ ಮೇಲೆ ವಿಡಿಯೋಗಿಂತ ಬೇಗ ಉತ್ತರ ಸಿಗುವುದು ಅಲ್ಲೇ.

ಎಲ್ಲಾ ಮಾಡಿದೆ, ಆಗಲಿಲ್ಲ. ಯಾರನ್ನಾದರೂ ಕೇಳುವುದಾದರೆ ಹೇಗೆ ಕೇಳಲಿ?

"ವರ್ಕ್ ಆಗ್ತಿಲ್ಲ, ಹೆಲ್ಪ್ ಮಾಡಿ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಯಾವ ವಿಡಿಯೋ, ಎಷ್ಟನೇ ನಿಮಿಷದ ಎಷ್ಟನೇ ಸೆಕೆಂಡ್, ಅಲ್ಲಿ ಏನು ಬರಬೇಕಿತ್ತು, ನಿಮಗೆ ಏನು ಬಂತು ಅಂತ ಬರೆಯಿರಿ. ಎರರ್ ಸಂದೇಶವನ್ನು ಫೋಟೋ ತೆಗೆಯುವ ಬದಲು ಅಕ್ಷರದಲ್ಲೇ ಕಾಪಿ ಮಾಡಿ, ಆಗ ಉತ್ತರ ಕೊಡುವವರು ಅದನ್ನೇ ಹುಡುಕಬಹುದು. ವರ್ಡ್‌ಪ್ರೆಸ್ ಆವೃತ್ತಿ, ಥೀಮ್ ಹೆಸರು, ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಅನ್ನೋದೂ ಇರಲಿ. ಸ್ಕ್ರೀನ್‌ಶಾಟ್ ಹಾಕುವುದಾದರೆ ಅದರಲ್ಲಿ ಪಾಸ್‌ವರ್ಡ್, ಡೇಟಾಬೇಸ್ ಹೆಸರು ಕಾಣುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಆಮೇಲೆ ಕಳಿಸಿ.